ವೆಬ್ ಸರ್ವರ್ ಸ್ಕ್ರಿಪ್ಟುಗಳ ಪರ್ಮಿಶನ್ ಗೋಳು: ಪದೇ ಪದೇ ಕೇಳುವ ಪ್ರಶ್ನೆಗಳು

"ನಿನ್ನೆವರೆಗೂ ಸರಿಯಾಗೇ ಇತ್ತು ಸರ್" ಅಂತಲೇ ನನಗೆ ಬರುವ ಕರೆಗಳು ಶುರುವಾಗುತ್ತವೆ. ಹಿಂದೆಯೇ ಬರುವ ಪ್ರಶ್ನೆ, "ಯಾವ ನಂಬರ್ ಹಾಕಲಿ, 755 ಹಾಕಲಾ, 777 ಹಾಕಲಾ?" ಉತ್ತರದ ಬದಲು ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಸ್ಕ್ರಿಪ್ಟನ್ನು ಓಡಿಸುತ್ತಿರುವ ಬಳಕೆದಾರ ಯಾರು? ಅದು ಗೊತ್ತಾದರೆ ನಂಬರು, ಅಂದರೆ ಫೈಲನ್ನು ಯಾರು ಓದಬಹುದು, ಬರೆಯಬಹುದು, ಓಡಿಸಬಹುದು ಎಂದು ಹೇಳುವ ಅನುಮತಿಯ ಅಂಕಿ, ತಾನಾಗಿಯೇ ಹೊಳೆಯುತ್ತದೆ. ಕೆಳಗಿನ ಉತ್ತರಗಳೆಲ್ಲ ಲಿನಕ್ಸ್ ಸರ್ವರುಗಳಿಗೆ ಸಂಬಂಧಿಸಿದವು. ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಫೈಲು ನನ್ನದು, ನಾನೇ ಬರೆದದ್ದು. ಆದರೂ "ಪರ್ಮಿಶನ್ ಡಿನೈಡ್" ಅನ್ನುತ್ತದಲ್ಲ?

ಫೈಲು ನಿಮ್ಮದೇ, ಆದರೆ ಅದನ್ನು ಓದಲು ಬಂದಿರುವವರು ನೀವಲ್ಲ. ಬ್ರೌಸರಿನಲ್ಲಿ ಪುಟ ತೆರೆದಾಗ ಸರ್ವರಿನಲ್ಲಿ ಆ ಕೆಲಸ ಮಾಡುವುದು ಬೇರೊಬ್ಬ ಬಳಕೆದಾರ. ಡೆಬಿಯನ್, ಉಬುಂಟುಗಳಲ್ಲಿ ಅವನ ಹೆಸರು "ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ", ಸಂಖ್ಯೆ 33. ರೆಡ್ ಹ್ಯಾಟ್, ಆಲ್ಮಾ, ರಾಕಿ ಲಿನಕ್ಸ್‌ಗಳಲ್ಲಿ "ಅಪಾಚೆ", ಸಂಖ್ಯೆ 48. ಲಿನಕ್ಸ್‌ನಲ್ಲಿ ಹಾಕಿದ ಝಾಂಪ್‌ನಲ್ಲಾದರೆ (ಅಪಾಚೆ, ಪಿಎಚ್‌ಪಿ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜು) "ಡೀಮನ್". ಇನ್ನು ಮುಂದೆ ಇವರನ್ನೆಲ್ಲ ಸೇರಿಸಿ "ವೆಬ್ ಬಳಕೆದಾರ" ಅನ್ನುತ್ತೇನೆ. ಅವನ ಕಣ್ಣಿಗೆ ನೀವು ಪಕ್ಕದ ಮನೆಯವರು. ನಿಮ್ಮ ಮನೆಯ ಯಾವ ಬಾಗಿಲು ತೆರೆದಿಟ್ಟಿದ್ದೀರೋ ಅಷ್ಟಕ್ಕೇ ಅವನ ಪ್ರವೇಶ.

ಅವನು ಯಾರು ಅಂತ ನನ್ನ ಸರ್ವರಿನಲ್ಲಿ ತಿಳಿಯುವುದು ಹೇಗೆ?

ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ "ಪಿಎಸ್ ಎ-ಯು-ಎಕ್ಸ್" ಕೊಟ್ಟು ಅಪಾಚೆ, ಎಂಜಿನ್‌ಎಕ್ಸ್ (ಎರಡೂ ವೆಬ್ ಸರ್ವರ್ ಪ್ರೋಗ್ರಾಮುಗಳು), ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಸ್ಕ್ರಿಪ್ಟು ಓಡಿಸುವ ಸೇವೆ) ಇರುವ ಸಾಲುಗಳನ್ನು ನೋಡಿ. ಮೊದಲ ಸಾಲಿನಲ್ಲಿ "ರೂಟ್" (ಎಲ್ಲ ಅಧಿಕಾರವಿರುವ ಬಳಕೆದಾರ) ಅಂತ ಕಾಣುತ್ತದೆ, ಗಾಬರಿ ಬೇಡ. ಅದು ಮೇಸ್ತ್ರಿ, 80ನೇ ಪೋರ್ಟು ಹಿಡಿಯಲು ಅವನಿಗೆ ಆ ಅಧಿಕಾರ ಬೇಕು. ನಿಜವಾಗಿ ಪುಟ ಬಡಿಸುವವರು ಅದರ ಕೆಳಗಿನ ಆಳುಗಳು. ಅವರ ಹೆಸರೇ ನಮಗೆ ಬೇಕಾದದ್ದು.

ಪಿಎಚ್‌ಪಿಯಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. "ಗೆಟ್ ಕರೆಂಟ್ ಯೂಸರ್" ಎಂಬ ಫಂಕ್ಷನ್ನಿನ ಹೆಸರು ನೋಡಿದರೆ ಈಗ ಓಡಿಸುತ್ತಿರುವವನ ಹೆಸರು ಕೊಡುತ್ತದೆ ಅನಿಸುತ್ತದೆ. ಅದು ಕೊಡುವುದು ಸ್ಕ್ರಿಪ್ಟ್ ಫೈಲಿನ ಮಾಲೀಕನ ಹೆಸರು. ಓಡಿಸುವವನು ಬೇಕೆಂದರೆ "ಪಾಸಿಕ್ಸ್ ಗೆಟ್‌ಇಯುಐಡಿ" ಕೇಳಬೇಕು. ಈ ವ್ಯತ್ಯಾಸ ತಿಳಿಯದೆ ಒಂದು ಇಡೀ ಮಧ್ಯಾಹ್ನ ಸರಿಯಾಗಿದ್ದ ಫೋಲ್ಡರನ್ನು ಸರಿಮಾಡುತ್ತಾ ಕೂತಿದ್ದೆ.

ಹೆಸರು ಸಿಕ್ಕ ಮೇಲೆ ಊಹೆ ಬೇಕಿಲ್ಲ, ಅವನ ವೇಷ ಹಾಕಿಯೇ ಪರೀಕ್ಷಿಸಬಹುದು. "ಸುಡೊ -ಯು" ಮುಂದೆ ಆ ಬಳಕೆದಾರನ ಹೆಸರು, ಅದರ ಮುಂದೆ "ಕ್ಯಾಟ್" ಮತ್ತು ಫೈಲಿನ ಪೂರ್ತಿ ದಾರಿ. ಓದಲು ಬಂದರೆ ಓದುವ ಅನುಮತಿ ಸರಿಯಿದೆ. ಬರೆಯುವುದನ್ನು ನೋಡಲು "ಕ್ಯಾಟ್" ಬದಲು "ಟಚ್" ಬಳಸಿ ಆ ಫೋಲ್ಡರಿನಲ್ಲಿ ಒಂದು ಖಾಲಿ ಫೈಲು ಹುಟ್ಟಿಸಿ. ಬ್ರೌಸರ್ ರಿಫ್ರೆಶ್ ಮಾಡುತ್ತಾ ಕೂರುವುದಕ್ಕಿಂತ ಇದು ಸಾವಿರ ಪಾಲು ಮೇಲು.

644, 755 ಅಂದರೇನು ಲೆಕ್ಕ?

ಮೂರು ಅಂಕಿ, ಮೂರು ಜನ: ಮಾಲೀಕ, ಗುಂಪು, ಉಳಿದವರು. ಪ್ರತಿ ಅಂಕಿಯೂ ಒಂದು ಕೂಡಿಕೆ. ಓದಲು 4, ಬರೆಯಲು 2, ಓಡಿಸಲು 1. ಹಾಗಾಗಿ 644 ಎಂದರೆ ಮಾಲೀಕ ಓದಿ ಬರೆಯಬಹುದು, ಮಿಕ್ಕವರು ಬರೀ ಓದಬಹುದು.

ಎಲ್ಲರೂ ಎಡವುವುದು ಫೋಲ್ಡರಿನ ವಿಷಯದಲ್ಲಿ. ಫೋಲ್ಡರಿಗೆ "ಓಡಿಸು" ಎಂಬುದಕ್ಕೆ ಅರ್ಥವೇ ಬೇರೆ, ಅದು ಹೊಸಿಲು ದಾಟುವ ಹಕ್ಕು. 4 ಇದ್ದರೆ ಒಳಗೆ ಏನೇನಿದೆ ಎಂಬ ಹೆಸರುಪಟ್ಟಿ ನೋಡಬಹುದು. 1 ಇದ್ದರೆ ಮಾತ್ರ ಒಳಗೆ ಕಾಲಿಡಬಹುದು. ಪಟ್ಟಿ ಕಾಣದಿದ್ದರೂ ಹೊಸಿಲು ದಾಟುವ ಹಕ್ಕಿದ್ದು ಫೈಲಿನ ಹೆಸರು ಗೊತ್ತಿದ್ದರೆ ಅದನ್ನು ತೆರೆಯಬಹುದು. ಅದಕ್ಕೇ ಫೈಲಿಗೆ 644 ಆದರೆ ಫೋಲ್ಡರಿಗೆ 755.

ಇನ್ನೊಂದು ಸೂಕ್ಷ್ಮ: ಕರ್ನಲ್ (ಲಿನಕ್ಸ್‌ನ ತಿರುಳು) ಮೊದಲು ಹೊಂದುವ ಒಂದೇ ಅಂಕಿಯನ್ನು ನೋಡಿ ನಿಲ್ಲಿಸುತ್ತದೆ. ಫೈಲಿಗೆ 604 ಇದ್ದು ನೀವು ಅದರ ಗುಂಪಿನಲ್ಲಿದ್ದರೆ ನಿಮಗೆ ಸಿಗುವುದು ಸೊನ್ನೆ. ಊರಿಗೆಲ್ಲ ಓದಲು ಬರುತ್ತದೆ, ನಿಮಗೆ ಮಾತ್ರ ಬರುವುದಿಲ್ಲ!

777 ಹಾಕಿದೆ, ಕೆಲಸ ಆಯಿತು. ಹಾಗೇ ಬಿಟ್ಟರೆ ಏನು ತಪ್ಪು?

ಇಲಿ ಹಿಡಿಯಲು ಮನೆಯ ಎಲ್ಲ ಬಾಗಿಲು ತೆಗೆದಿಟ್ಟ ಹಾಗೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡಿರುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಪಕ್ಕದ ಖಾತೆಯವನಿಗೂ ನಿಮ್ಮ ಫೈಲು ತಿದ್ದುವ ದಾರಿ ಸಿಗಬಹುದು. ನಿಮ್ಮದೇ ಸರ್ವರ್ ಆಗಿದ್ದರೂ, ಒಂದು ಹಳೇ ಪ್ಲಗಿನ್ನಿನ ತೂತಿನಲ್ಲಿ ಒಳಬಂದವನು ವೆಬ್ ಬಳಕೆದಾರನ ಹೆಸರಿನಲ್ಲೇ ಓಡಾಡುತ್ತಾನೆ. ಎಲ್ಲ ಕಡೆ 777 ಇದ್ದರೆ ಸೈಟಿನ ಪ್ರತಿ ಪಿಎಚ್‌ಪಿ ಫೈಲಿಗೂ ತನ್ನ ಕೋಡು ಅಂಟಿಸಿ ಹೋಗುತ್ತಾನೆ. ಅದನ್ನು ಕೀಳಲು ಕೂತವರಿಗೇ ಗೊತ್ತು ಆ ಹಿಂಸೆ.

ಇನ್ನು ಕೆಲವು ಸರ್ವರುಗಳಲ್ಲಿ 777 ಹಾಕಿದ್ದಕ್ಕೇ ಸೈಟು ಬೀಳುತ್ತದೆ. ಅಪಾಚೆಯ ಸುಎಕ್ಸೆಕ್ ಎಂಬ ಕಾವಲುಗಾರ ಸಿಜಿಐ ಸ್ಕ್ರಿಪ್ಟನ್ನು (ವೆಬ್ ಸರ್ವರ್ ಪ್ರತ್ಯೇಕ ಪ್ರೋಗ್ರಾಮಾಗಿ ಓಡಿಸುವ ಸ್ಕ್ರಿಪ್ಟು) ಅದರ ಮಾಲೀಕನ ಹೆಸರಿನಲ್ಲೇ ಓಡಿಸುತ್ತಾನೆ. ಆದರೆ ಸ್ಕ್ರಿಪ್ಟಿಗಾಗಲಿ ಅದಿರುವ ಫೋಲ್ಡರಿಗಾಗಲಿ ಗುಂಪಿನವರೋ ಉಳಿದವರೋ ಬರೆಯುವ ಹಾಗಿದ್ದರೆ ಓಡಿಸಲು ಒಪ್ಪುವುದೇ ಇಲ್ಲ. ನಿಮಗೆ ಕಾಣುವುದು 500, ಅಂದರೆ ಸರ್ವರಿನ ಒಳಗಿನ ದೋಷ. ಪಾಪ, ಜನ 755 ಕೆಲಸ ಮಾಡದೆ 777 ಹಾಕಿರುತ್ತಾರೆ, ಅಷ್ಟರಲ್ಲಿ ಮೂಲ ತೊಂದರೆ ಸರಿಹೋಗಿದ್ದರೂ ಈ ಹೊಸ ತೊಂದರೆ ಅದನ್ನು ಮುಚ್ಚಿಬಿಡುತ್ತದೆ.

ಪರೀಕ್ಷೆಗೆಂದು ಎರಡು ನಿಮಿಷ ಹಾಕಿ ತೆಗೆಯುವುದಾದರೆ ನನ್ನ ತಕರಾರಿಲ್ಲ. ತೆಗೆಯುವವರನ್ನು ನಾನು ಕಂಡದ್ದು ಕಡಿಮೆ.

ಫೈಲಿಗೆ 644 ಇದೆ, ಫೋಲ್ಡರಿಗೆ 755 ಇದೆ. ಆದರೂ 403 (ನೋಡಲು ಅಪ್ಪಣೆಯಿಲ್ಲ) ಬರುತ್ತಿದೆ.

ನೀವು ಕೊನೆಯ ಫೋಲ್ಡರ್ ಮಾತ್ರ ನೋಡಿದ್ದೀರಿ. ಬೇರಿನಿಂದ (ಎಲ್ಲಕ್ಕೂ ಮೇಲಿನ ಫೋಲ್ಡರಿನಿಂದ) ಫೈಲಿನವರೆಗೆ ದಾರಿಯಲ್ಲಿ ಬರುವ ಪ್ರತಿಯೊಂದು ಫೋಲ್ಡರಿನ ಹೊಸಿಲನ್ನೂ ವೆಬ್ ಬಳಕೆದಾರ ದಾಟಬೇಕು. ನಡುವೆ ಒಂದು ಮುಚ್ಚಿದ್ದರೂ ಮುಗಿಯಿತು.

"ನೇಮ್‌ಐ -ಎಲ್" ಎಂಬ ಆಜ್ಞೆಗೆ ಫೈಲಿನ ಪೂರ್ತಿ ದಾರಿ ಕೊಡಿ. ಒಂದೊಂದು ಮೆಟ್ಟಿಲಿನ ಮಾಲೀಕ, ಗುಂಪು, ಅನುಮತಿ ಎಲ್ಲವನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಇಷ್ಟು ಉಪಯೋಗದ ಆಜ್ಞೆ ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ನನಗೆ ಯಾವತ್ತೂ ಆಶ್ಚರ್ಯ. ಬಹುತೇಕ ಸಲ ಸಿಕ್ಕಿಬೀಳುವುದು ಹೋಮ್ ಫೋಲ್ಡರು. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರಿಗೆ 755 ಬದಲು 750 ಬರುತ್ತಿದೆ. ಅದಕ್ಕೂ ಹಿಂದಿನ ಪಾಠಗಳನ್ನು ನೋಡಿಕೊಂಡು ಹೋಮ್ ಒಳಗೆ ಸೈಟು ಇಟ್ಟವರಿಗೆ 22.04ಕ್ಕೆ ಬಂದ ಮೇಲೆ 403 ಎದುರಾದದ್ದು ಇದರಿಂದಲೇ. ಹೋಮ್ ಫೋಲ್ಡರಿಗೆ 751 ಸಾಕು: ಉಳಿದವರು ಹಾದುಹೋಗಬಹುದು, ಒಳಗಿನ ಪಟ್ಟಿ ನೋಡಲಾಗದು. ಇನ್ನೂ ಒಳ್ಳೆಯದು ಸೈಟನ್ನೇ ಹೋಮ್‌ನಿಂದ ಹೊರಗೆ, "ವರ್" ಕೆಳಗಿನ "ಡಬ್ಲ್ಯುಡಬ್ಲ್ಯುಡಬ್ಲ್ಯು" ಫೋಲ್ಡರಿಗೆ ಸಾಗಿಸುವುದು.

403 ಅಂದರೆ ಯಾವಾಗಲೂ ಫೈಲ್ ಪರ್ಮಿಶನ್ನೇ?

ಅಲ್ಲ. ಅಪಾಚೆಯ ಎರರ್ ಲಾಗ್ ತೆರೆಯಿರಿ. ಎಎಚ್00035 ಅಂತಿದ್ದರೆ ಮೇಲೆ ಹೇಳಿದ ಹೊಸಿಲಿನ ಸಮಸ್ಯೆ. ಎಎಚ್01630 ಅಂತಿದ್ದರೆ ಕಾನ್ಫಿಗ್ ಫೈಲೇ ತಡೆಯುತ್ತಿದೆ, ಇಡೀ ದಿನ ಸಿಎಚ್‌ಮಾಡ್ (ಅನುಮತಿ ಬದಲಿಸುವ ಆಜ್ಞೆ) ಮಾಡಿದರೂ ಹೋಗುವುದಿಲ್ಲ. ಎಎಚ್01276 ಅಂದರೆ ಫೋಲ್ಡರಿನಲ್ಲಿ ಇಂಡೆಕ್ಸ್ ಫೈಲಿಲ್ಲ, ಪಟ್ಟಿ ತೋರಿಸುವುದಕ್ಕೂ ಅಪ್ಪಣೆಯಿಲ್ಲ. ಲಾಗ್ ಓದದೆ ಸಿಎಚ್‌ಮಾಡ್ ಮುಟ್ಟಬೇಡಿ.

ಸಿಜಿಐ ಸ್ಕ್ರಿಪ್ಟಿಗೆ 755 ಹಾಕಿದ್ದೇನೆ, ಆದರೂ 500.

ಪರ್ಲ್, ಪೈಥಾನ್, ಶೆಲ್ ಯಾವುದೇ ಆಗಲಿ, ಸಿಜಿಐ ಸ್ಕ್ರಿಪ್ಟಿಗೆ ಓಡಿಸುವ ಅನುಮತಿ ಬೇಕೇ ಬೇಕು. ಅದಿದ್ದೂ 500 ಬಂದರೆ ಲಾಗ್ ಸಾಲಿನಲ್ಲಿ ದುಂಡು ಕಂಸದೊಳಗಿರುವ ಅಂಕಿ ನೋಡಿ. 13 ಇದ್ದರೆ ನಿಜಕ್ಕೂ ಅನುಮತಿಯ ತೊಂದರೆ, ಇಲ್ಲವೇ ಆ ಡಿಸ್ಕ್ ವಿಭಾಗವನ್ನು "ನೋಎಕ್ಸೆಕ್" (ಅಲ್ಲಿಂದ ಏನನ್ನೂ ಓಡಿಸುವಂತಿಲ್ಲ) ಎಂದು ಮೌಂಟ್ ಮಾಡಿದ್ದಾರೆ. 8 ಇದ್ದರೆ ಮೊದಲ ಸಾಲಿನ ಹ್ಯಾಶ್-ಬ್ಯಾಂಗ್ (#! ಎಂದು ಶುರುವಾಗಿ, ಯಾವ ಪ್ರೋಗ್ರಾಮಿನಿಂದ ಓಡಿಸಬೇಕೆಂದು ಹೇಳುವ ಗುರುತು) ಇಲ್ಲ. 2 ಇದ್ದರೆ "ಫೈಲೇ ಇಲ್ಲ" ಅನ್ನುತ್ತದೆ, ಫೈಲು ಎದುರಿಗೇ ಕೂತಿರುತ್ತದೆ, ತಲೆ ಕೆಡುತ್ತದೆ. ಇಲ್ಲದಿರುವುದು ಸ್ಕ್ರಿಪ್ಟಲ್ಲ, ಅದರ ಮೊದಲ ಸಾಲಿನಲ್ಲಿ ಬರೆದಿರುವ ಇಂಟರ್‌ಪ್ರಿಟರ್, ಅಂದರೆ ಅದನ್ನು ಓಡಿಸುವ ಪ್ರೋಗ್ರಾಮು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ತೆರೆದು ಬರೆದ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಅಕ್ಷರ ಇರುತ್ತದೆ; ಅದು ಸೇರಿಕೊಂಡು "ಪರ್ಲ್" ಹೆಸರು ಬೇರೆಯದೇ ಆಗಿಬಿಡುತ್ತದೆ. "ಡಾಸ್2ಯುನಿಕ್ಸ್" ಒಮ್ಮೆ ಓಡಿಸಿದರೆ ಸರಿಹೋಗುತ್ತದೆ.

ಅಂದಹಾಗೆ, ಪಿಎಚ್‌ಪಿ ಫೈಲುಗಳಿಗೆ ಸಾಮಾನ್ಯವಾಗಿ ಓಡಿಸುವ ಅನುಮತಿ ಬೇಕಿಲ್ಲ. ಪಿಎಚ್‌ಪಿ ಅದನ್ನು ಓದಿಕೊಳ್ಳುತ್ತದೆ ಅಷ್ಟೆ, 644 ಸಾಕು.

ವರ್ಡ್‌ಪ್ರೆಸ್ ಅಪ್‌ಡೇಟ್ ಒತ್ತಿದರೆ ಎಫ್‌ಟಿಪಿ ಪಾಸ್‌ವರ್ಡ್ ಕೇಳುತ್ತದೆ. ನನ್ನ ಹತ್ತಿರ ಎಫ್‌ಟಿಪಿಯೇ ಇಲ್ಲವಲ್ಲ!

ವರ್ಡ್‌ಪ್ರೆಸ್ ಅಪ್‌ಡೇಟ್‌ಗೆ ಮೊದಲು ಒಂದು ತಾತ್ಕಾಲಿಕ ಫೈಲು ಹುಟ್ಟಿಸಿ ಅದರ ಮಾಲೀಕ ಯಾರೆಂದು ನೋಡುತ್ತದೆ. ಅವನೂ ವರ್ಡ್‌ಪ್ರೆಸ್ ಫೈಲುಗಳ ಮಾಲೀಕನೂ ಒಬ್ಬನೇ ಆಗಿದ್ದರೆ ನೇರವಾಗಿ ಬರೆಯುತ್ತದೆ. ಬೇರೆಯಾದರೆ ಎಫ್‌ಟಿಪಿ (ಫೈಲು ಸಾಗಿಸುವ ಲಾಗಿನ್) ಕೇಳುತ್ತದೆ. ಗಮನಿಸಿ, ಅದು ನೋಡುವುದು ಮಾಲೀಕತ್ವವನ್ನು. 777 ಹಾಕಿದ್ದೀರಾ ಇಲ್ಲವಾ ಎಂಬುದು ಆ ಪರೀಕ್ಷೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲವನ್ನೂ 777 ಮಾಡಿದ ಮೇಲೂ ಎಫ್‌ಟಿಪಿ ಕೇಳಿತು ಎಂದು ಅಳುವವರು ಇದನ್ನು ತಿಳಿಯಬೇಕು.

ನನಗೆ ಹಿಡಿಸುವ ದಾರಿ: ಪ್ರತಿ ಸೈಟಿಗೂ ಒಬ್ಬ ಬಳಕೆದಾರ, ಅವನ ಹೆಸರಿನಲ್ಲೇ ಒಂದು ಪಿಎಚ್‌ಪಿ-ಎಫ್‌ಪಿಎಂ ಪೂಲ್ (ಆಳುಗಳ ತಂಡ). ಫೈಲಿನ ಮಾಲೀಕ, ಓಡಿಸುವವ ಇಬ್ಬರೂ ಒಂದೇ. ಅಪ್‌ಡೇಟ್ ಸಲೀಸು. ಪಾಸ್‌ವರ್ಡ್ ಇರುವ ಡಬ್ಲ್ಯುಪಿ-ಕಾನ್ಫಿಗ್‌ಗೆ 600 ಸಾಕು, ಪಕ್ಕದ ಸೈಟಿನವನು ಇಣುಕಲಾರ. ಇದರ ಬೆಲೆಯೂ ಇದೆ: ಸ್ಕ್ರಿಪ್ಟಿನಲ್ಲಿ ತೂತಿದ್ದರೆ ಒಳಬಂದವನು ಆ ಸೈಟಿನ ಕೋಡನ್ನೂ ತಿದ್ದಬಲ್ಲ. ಅಷ್ಟೂ ಬೇಡ ಎನ್ನುವವರು ಕೋಡನ್ನು ಬೇರೆಯವನ ಹೆಸರಿನಲ್ಲಿಟ್ಟು, ಅಪ್‌ಲೋಡ್ಸ್ ಫೋಲ್ಡರ್ ಮಾತ್ರ ಬರೆಯಲು ಬಿಟ್ಟು, ಅಪ್‌ಡೇಟನ್ನು ಟರ್ಮಿನಲ್‌ನಿಂದ ಮಾಡಿಕೊಳ್ಳುತ್ತಾರೆ. ಯಾವುದೇ ಆಗಲಿ, ಅಪ್‌ಲೋಡ್ಸ್ ಒಳಗಿನ ಪಿಎಚ್‌ಪಿ ಓಡದಂತೆ ಸರ್ವರ್ ಕಾನ್ಫಿಗ್‌ನಲ್ಲಿ ತಡೆಯಿರಿ. ಅಲ್ಲಿ ಇರಬೇಕಾದದ್ದು ಚಿತ್ರ, ಪಿಡಿಎಫ್.

ನಾನೂ ಬರೆಯಬೇಕು, ಸರ್ವರೂ ಬರೆಯಬೇಕು. ಒಮ್ಮೆ ನನ್ನ ಹೆಸರಿಗೆ, ಒಮ್ಮೆ ಅದರ ಹೆಸರಿಗೆ ಸಿಎಚ್‌ಓನ್ (ಮಾಲೀಕನನ್ನು ಬದಲಿಸುವ ಆಜ್ಞೆ) ಮಾಡಿ ಸಾಕಾಗಿದೆ.

ಜಂಟಿ ಖಾತೆ ಮಾಡಿ. ಮೊದಲು ನಿಮ್ಮನ್ನು ವೆಬ್ ಬಳಕೆದಾರನ ಗುಂಪಿಗೆ ಸೇರಿಸಿ: "ಯೂಸರ್‌ಮಾಡ್", ಅದಕ್ಕೆ ಸಣ್ಣ ಎ ಮತ್ತು ದೊಡ್ಡ ಜಿ. ಸಣ್ಣ ಎ ಮರೆತರೆ ಉಳಿದ ಎಲ್ಲ ಹೆಚ್ಚುವರಿ ಗುಂಪುಗಳಿಂದ, ಸುಡೊ ಗುಂಪಿನಿಂದಲೂ ಹೊರಬೀಳುತ್ತೀರಿ. ಅಷ್ಟಾದ ಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ. ಹೊಸ ಗುಂಪು ಈಗಾಗಲೇ ತೆರೆದ ಸೆಶನ್ನಿಗೆ ಅನ್ವಯಿಸುವುದಿಲ್ಲ. "ಸೇರಿಸಿದೆ, ಆಗಲಿಲ್ಲ" ಎನ್ನುವವರಲ್ಲಿ ಅರ್ಧಕ್ಕರ್ಧ ಜನ ಇಲ್ಲೇ ಎಡವಿರುತ್ತಾರೆ.

ಮುಂದೆ ಫೋಲ್ಡರಿಗೆ 2775. ಮುಂದಿರುವ ಆ 2, ಸೆಟ್‌ಜಿಐಡಿ. ಅದಿದ್ದರೆ ಆ ಫೋಲ್ಡರಿನಲ್ಲಿ ಯಾರೇ ಹೊಸ ಫೈಲು ಹುಟ್ಟಿಸಲಿ, ಫೋಲ್ಡರಿನ ಗುಂಪೇ ಅದಕ್ಕೂ ಬರುತ್ತದೆ. ಒಳಗೆ ಹುಟ್ಟುವ ಫೋಲ್ಡರುಗಳಿಗೂ ಅದೇ ಗುಣ. ಬೇರೆ ಕಡೆಯಿಂದ "ಎಂವಿ" ಮಾಡಿ ತಂದ ಫೈಲುಗಳು ಮಾತ್ರ ತಮ್ಮ ಹಳೇ ಗುಂಪನ್ನೇ ಹೊತ್ತು ಬರುತ್ತವೆ.

ಇಷ್ಟಕ್ಕೇ ನಿಂತರೆ ನಾಳೆ ಮತ್ತೆ ಅದೇ ಗೋಳು, ಯಾಕೆಂದರೆ ಯುಮಾಸ್ಕ್ ಬಾಕಿ ಇದೆ. ಹೊಸ ಫೈಲಿಗೆ 666ರಿಂದ, ಹೊಸ ಫೋಲ್ಡರಿಗೆ 777ರಿಂದ ಯಾವ ಹಕ್ಕು ಕತ್ತರಿಸಬೇಕು ಎನ್ನುವುದೇ ಯುಮಾಸ್ಕ್. 022 ಇದ್ದರೆ ಗುಂಪಿಗೆ ಬರೆಯುವ ಹಕ್ಕು ಹೋಗಿ 644 ಆಗುತ್ತದೆ. 002 ಇದ್ದರೆ 664 ಉಳಿಯುತ್ತದೆ. ಪಿಎಚ್‌ಪಿ-ಎಫ್‌ಪಿಎಂಗಾದರೆ ಸಿಸ್ಟಂಡಿ ಸೇವೆಯ ಓವರ್‌ರೈಡ್ ಫೈಲಿನಲ್ಲಿ ಯುಮಾಸ್ಕ್ 0002 ಬರೆದು ಸೇವೆಯನ್ನು ಮರುಆರಂಭಿಸಬೇಕು.

ಗುಂಪಿನ ಗೋಜಲು ಬೇಡವೆಂದರೆ ಎಸಿಎಲ್ (ಒಬ್ಬೊಬ್ಬರಿಗೂ ಬೇರೆ ಬೇರೆ ಹಕ್ಕು ಬರೆಯುವ ಪಟ್ಟಿ) ಇದೆ. "ಸೆಟ್‌ಎಫ್‌ಎಸಿಎಲ್" ಆಜ್ಞೆಯಿಂದ ಒಬ್ಬ ನಿರ್ದಿಷ್ಟ ಬಳಕೆದಾರನಿಗೆ ಹಕ್ಕು ಕೊಟ್ಟು, "-ಡಿ" ಹಾಕಿ ಮುಂದೆ ಹುಟ್ಟುವ ಫೈಲುಗಳಿಗೂ ಅದೇ ಇರಲಿ ಅನ್ನಬಹುದು. ಎಲ್‌ಎಸ್ ಪಟ್ಟಿಯಲ್ಲಿ ಅನುಮತಿಯ ಕೊನೆಗೆ ಕೂಡುವ ಚಿಹ್ನೆ ಕಂಡರೆ ಅಲ್ಲಿ ಎಸಿಎಲ್ ಇದೆ ಎಂದರ್ಥ. ಅಂಥ ಫೈಲಿಗೆ ಆಮೇಲೆ ಸಿಎಚ್‌ಮಾಡ್ ಮಾಡಿದರೆ ನಡುವಿನ ಅಂಕಿ ಗುಂಪಿಗಲ್ಲ, ಎಸಿಎಲ್ ಮಾಸ್ಕಿಗೆ (ಆ ಪಟ್ಟಿಯ ಹಕ್ಕುಗಳ ಮೇಲ್ಮಿತಿಗೆ) ತಗಲುತ್ತದೆ. ಕೊಟ್ಟ ಹಕ್ಕು ಸದ್ದಿಲ್ಲದೆ ಮೊಟಕಾಗುತ್ತದೆ.

ಹಗಲೆಲ್ಲ ಸರಿ ಇರುತ್ತದೆ. ರಾತ್ರಿ ಹನ್ನೆರಡು ದಾಟಿದ ಮೇಲೆ ಲಾರಾವೆಲ್ ಸೈಟು 500 ಕೊಡುತ್ತದೆ. ದೆವ್ವವೇ?

ದೆವ್ವದ ಹೆಸರು ರೂಟ್. ಪಿಎಚ್‌ಪಿ ಫ್ರೇಮ್‌ವರ್ಕ್ ಆದ ಲಾರಾವೆಲ್‌ನ ದೈನಿಕ ಲಾಗ್ ಪ್ರತಿ ದಿನಾಂಕಕ್ಕೂ ಹೊಸ ಫೈಲು ತೆರೆಯುತ್ತದೆ. ನಿಮ್ಮ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ರೂಟ್ ಹೆಸರಿನಲ್ಲಿ ನಿಮಿಷಕ್ಕೊಮ್ಮೆ ಓಡುತ್ತಿದ್ದರೆ, ಮಧ್ಯರಾತ್ರಿಯ ನಂತರ ಮೊದಲು ಲಾಗ್ ಬರೆಯುವವನು ಅವನೇ ಆಗಬಹುದು. ಆ ದಿನದ ಫೈಲು ರೂಟ್ ಹೆಸರಿನಲ್ಲಿ 644 ಆಗಿ ಹುಟ್ಟುತ್ತದೆ. ಆಮೇಲೆ ಬರುವ ವೆಬ್ ಬಳಕೆದಾರನಿಗೆ ಬರೆಯಲಾಗದು. ಬೆಳಿಗ್ಗೆ ಎದ್ದು ಸಿಎಚ್‌ಓನ್ ಮಾಡುತ್ತೀರಿ, ರಾತ್ರಿ ಮತ್ತೆ ಅದೇ.

ಕ್ರಾನನ್ನು ವೆಬ್ ಬಳಕೆದಾರನ ಹೆಸರಿಗೆ ಸಾಗಿಸಿ: "ಕ್ರಾನ್‌ಟ್ಯಾಬ್ -ಯು" ಮುಂದೆ ಅವನ ಹೆಸರು, ಮುಂದೆ "-ಇ". ಲಾರಾವೆಲ್‌ನ ಆರ್ಟಿಸನ್ ಆಜ್ಞೆಗಳನ್ನು ಕೈಯಾರೆ ಓಡಿಸುವಾಗಲೂ ಸುಡೊ ಹಾಕಿ ರೂಟ್ ಆಗಬೇಡಿ, ಕ್ಯಾಶ್ ಫೈಲುಗಳಿಗೂ ಇದೇ ಗತಿ. ಲಾರಾವೆಲ್‌ಗೆ ಬರೆಯಲು ಬೇಕಿರುವುದು "ಸ್ಟೋರೇಜ್" ಮತ್ತು "ಬೂಟ್‌ಸ್ಟ್ರಾಪ್" ಒಳಗಿನ "ಕ್ಯಾಶ್" ಎರಡೇ. ಉಳಿದದ್ದಕ್ಕೆ ಬರೆಯುವ ಹಕ್ಕು ಕೊಡಬೇಕಿಲ್ಲ.

ಜ್ಯಾಂಗೊದಲ್ಲಿ ಸಣ್ಣ ಫೋಟೋ ಕಾಣುತ್ತದೆ, ದೊಡ್ಡ ಫೋಟೋ 403. ಗಾತ್ರಕ್ಕೂ ಅನುಮತಿಗೂ ಏನು ಸಂಬಂಧ?

ನನ್ನ ಮೆಚ್ಚಿನ ಪ್ರಶ್ನೆ ಇದು. ಜ್ಯಾಂಗೊ (ಪೈಥಾನ್ ಫ್ರೇಮ್‌ವರ್ಕ್) 2.5 ಮೆಗಾಬೈಟ್‌ವರೆಗಿನ ಅಪ್‌ಲೋಡನ್ನು ಮೆಮೊರಿಯಲ್ಲೇ ಹಿಡಿದು ಆಮೇಲೆ ಬರೆಯುತ್ತದೆ. ಆಗ ಯುಮಾಸ್ಕ್ ಪ್ರಕಾರ 644 ಬರುತ್ತದೆ. ಅದಕ್ಕಿಂತ ದೊಡ್ಡದನ್ನು ತಾತ್ಕಾಲಿಕ ಫೈಲಿಗೆ ಇಳಿಸಿ ನಂತರ ಜಾಗಕ್ಕೆ ಸರಿಸುತ್ತದೆ. ಪೈಥಾನಿನ ತಾತ್ಕಾಲಿಕ ಫೈಲು ಹುಟ್ಟುವುದೇ 600 ಆಗಿ, ಸರಿಸಿದ ಮೇಲೂ ಹಾಗೇ ಉಳಿಯುತ್ತದೆ. ಜ್ಯಾಂಗೊ ಒಬ್ಬ ಬಳಕೆದಾರ, ಚಿತ್ರ ಬಡಿಸುವ ಎಂಜಿನ್‌ಎಕ್ಸ್ ಇನ್ನೊಬ್ಬ, ಹಾಗಾಗಿ 403. ಜ್ಯಾಂಗೊ 3.0ರಿಂದ ಅಪ್‌ಲೋಡ್ ಫೈಲುಗಳಿಗೆ 644 ಎಂಬುದೇ ಮೂಲ ನಿಯಮವಾಗಿದೆ. ಹಳೆಯ ಆವೃತ್ತಿಯಲ್ಲಿದ್ದರೆ "ಫೈಲ್ ಅಪ್‌ಲೋಡ್ ಪರ್ಮಿಶನ್ಸ್" ಸೆಟ್ಟಿಂಗ್ ನೀವೇ ಬರೆಯಬೇಕು.

ಪಿಎಚ್‌ಪಿ ಕೋಡಿನಲ್ಲೇ ಸಿಎಚ್‌ಮಾಡ್ 644 ಕೊಟ್ಟೆ. ಫೈಲಿನ ಅನುಮತಿ ವಿಚಿತ್ರವಾಗಿದೆ.

ಮುಂದೆ ಸೊನ್ನೆ ಹಾಕಿಲ್ಲ. 0644 ಬರೆದರೆ ಅಷ್ಟಮಾನ ಪದ್ಧತಿಯ ಸಂಖ್ಯೆ. ಬರೀ 644 ಬರೆದರೆ ದಶಮಾನದ ಆರುನೂರ ನಲವತ್ತನಾಲ್ಕು. ಅದನ್ನು ಅಷ್ಟಮಾನಕ್ಕೆ ತಿರುಗಿಸಿದರೆ 1204. ಅಂದರೆ ಮಾಲೀಕ ಬರೆಯಬಹುದು ಆದರೆ ಓದುವಂತಿಲ್ಲ, ಗುಂಪಿಗೆ ಏನೂ ಇಲ್ಲ, ದಾರಿಹೋಕರು ಓದಬಹುದು! 755 ಬರೆದರೆ 1363 ಆಗುತ್ತದೆ. 777 ಬರೆದು ಎಲ್ಲ ತೆರೆದೆ ಎಂದುಕೊಂಡರೆ ಆಗುವುದು 1411, ಬರೆಯುವ ಹಕ್ಕು ಯಾರಿಗೂ ಇಲ್ಲ.

ಫೈಲಿಗೆ 444 ಹಾಕಿ ಭದ್ರ ಮಾಡಿದ್ದೆ. ಸ್ಕ್ರಿಪ್ಟು ಅಳಿಸಿಬಿಟ್ಟಿತು, ಹೇಗೆ?

ಅಳಿಸುವುದೆಂದರೆ ಫೋಲ್ಡರಿನ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕುವುದು. ಅದಕ್ಕೆ ಬೇಕಿರುವುದು ಫೋಲ್ಡರಿಗೆ ಬರೆಯುವ ಹಕ್ಕು, ಫೈಲಿಗಲ್ಲ.

ಎಸ್‌ಕ್ಯೂಲೈಟ್ (ಒಂದೇ ಫೈಲಿನ ಡೇಟಾಬೇಸ್) ಬಳಸುವವರಿಗೆ ಇದೇ ಮಾತು ತಿರುಗಿಬಂದು ಹೊಡೆಯುತ್ತದೆ. ಡೇಟಾಬೇಸ್ ಫೈಲಿಗೆ ಬರೆಯುವ ಹಕ್ಕು ಕೊಟ್ಟಿರುತ್ತಾರೆ, ಆದರೆ ಅದು ಪಕ್ಕದಲ್ಲೇ ಜರ್ನಲ್ ಫೈಲು ಹುಟ್ಟಿಸಬೇಕು. ಫೋಲ್ಡರಿಗೆ ಹಕ್ಕಿಲ್ಲದಿದ್ದರೆ ಬರೆಯಲು ಹೋದಾಗ ಸೋಲುತ್ತದೆ. ಆ ಒಂದು ಫೈಲಿಗೆಂದೇ ಬೇರೆ ಫೋಲ್ಡರ್ ಮಾಡಿ, ಸೈಟಿನ ಸಾರ್ವಜನಿಕ ಫೋಲ್ಡರಿನ ಹೊರಗಿಡಿ.

ಎಲ್ಲ ನೋಡಿದೆ, ಎಲ್ಲ ಸರಿ ಇದೆ, ಆದರೂ ಇಲ್ಲ. ಸರ್ವರ್ ಆಲ್ಮಾ ಲಿನಕ್ಸ್.

ಎಸ್‌ಇಲಿನಕ್ಸ್. "ಗೆಟ್‌ಎನ್‌ಫೋರ್ಸ್" ಕೊಟ್ಟು ನೋಡಿ, "ಎನ್‌ಫೋರ್ಸಿಂಗ್" ಎಂದರೆ ಎರಡನೇ ಕಾವಲು ಇದೆ. ಅದು ಮಾಲೀಕ, ಗುಂಪು ನೋಡುವುದಿಲ್ಲ, ಫೈಲಿಗೆ ಅಂಟಿಸಿದ ಚೀಟಿ ನೋಡುತ್ತದೆ. "ಎಲ್‌ಎಸ್"ಗೆ ದೊಡ್ಡ ಝಡ್ ಕೊಟ್ಟರೆ ಆ ಚೀಟಿ ಕಾಣುತ್ತದೆ. ಹೋಮ್ ಫೋಲ್ಡರಿನಲ್ಲಿ ಬರೆದ ಫೈಲನ್ನು "ಎಂವಿ" ಮಾಡಿ ತಂದರೆ ಹೋಮ್‌ನ ಚೀಟಿಯೇ ಉಳಿದಿರುತ್ತದೆ. "ಸಿಪಿ" ಮಾಡಿದ್ದರೆ ಹೊಸ ಜಾಗದ ಚೀಟಿ ಬರುತ್ತಿತ್ತು. "ರಿಸ್ಟೋರ್‌ಕಾನ್ -ಆರ್‌ವಿ" (ಆರ್ ದೊಡ್ಡದು) ಕೊಟ್ಟರೆ ಸರಿಹೋಗುತ್ತದೆ.

ಬರೆಯಬೇಕಾದ ಫೋಲ್ಡರಿಗೆ ಬೇರೆ ಚೀಟಿ, "ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯು_ಕಂಟೆಂಟ್_ಟಿ". ಅದನ್ನು "ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್" ಮೂಲಕ ನಿಯಮವಾಗಿ ಬರೆಸಿ, ಆಮೇಲೆ ರಿಸ್ಟೋರ್‌ಕಾನ್ ಕೊಡಿ. "ಸಿಎಚ್‌ಕಾನ್"ನಿಂದಲೂ ಅಂಟಿಸಬಹುದು, ಆದರೆ ಮುಂದೆ ಯಾರಾದರೂ ರಿಸ್ಟೋರ್‌ಕಾನ್ ಓಡಿಸಿದರೆ ಉದುರಿಹೋಗುತ್ತದೆ. "ಸೆಟ್‌ಎನ್‌ಫೋರ್ಸ್ 0" ಮಾಡಿ ಪರೀಕ್ಷಿಸಿ, ಕಾರಣ ಖಚಿತವಾದ ಕೂಡಲೇ ಮತ್ತೆ 1 ಮಾಡಿ. ಕಾಯಂ ಆಗಿ ಆಫ್ ಮಾಡಿಡುವುದು 777ನ ದೊಡ್ಡಣ್ಣ.

ಎಂಜಿನ್‌ಎಕ್ಸ್ 502 (ಹಿಂದಿನ ಸೇವೆ ಸಿಗುತ್ತಿಲ್ಲ) ಕೊಡುತ್ತಿದೆ, ಲಾಗ್‌ನಲ್ಲಿ ಸಾಕೆಟ್, 13, ಪರ್ಮಿಶನ್ ಡಿನೈಡ್.

ಎಂಜಿನ್‌ಎಕ್ಸ್ ಮತ್ತು ಪಿಎಚ್‌ಪಿ-ಎಫ್‌ಪಿಎಂ ಮಾತಾಡಿಕೊಳ್ಳುವ ಸಾಕೆಟ್ ಕೂಡ ಒಂದು ಫೈಲೇ. 2014ರಲ್ಲಿ ಒಂದು ಭದ್ರತಾ ಲೋಪ ಮುಚ್ಚುವಾಗ ಅದರ ಅನುಮತಿಯನ್ನು 666ರಿಂದ 660ಕ್ಕೆ ಇಳಿಸಿದರು. ಪೂಲ್ ಕಾನ್ಫಿಗ್‌ನಲ್ಲಿ "ಲಿಸನ್ ಓನರ್", "ಲಿಸನ್ ಗ್ರೂಪ್" ಎರಡಕ್ಕೂ ಎಂಜಿನ್‌ಎಕ್ಸ್ ಓಡುವ ಬಳಕೆದಾರನ ಹೆಸರು ಹಾಕಿ. ಸಾಕೆಟ್ಟಿಗೆ ಕೈಯಾರೆ ಸಿಎಚ್‌ಮಾಡ್ ಮಾಡಿದರೆ ಮುಂದಿನ ರೀಸ್ಟಾರ್ಟಿನವರೆಗೆ ಮಾತ್ರ ಆಯುಸ್ಸು.

ಪಿಎಚ್‌ಪಿ ಪೂಲಿನ ಬಳಕೆದಾರನನ್ನು ಬದಲಾಯಿಸಿದೆ. ಈಗ ಯಾರೂ ಲಾಗಿನ್ ಆಗುತ್ತಿಲ್ಲ, ಪಾಸ್‌ವರ್ಡ್ ಹಾಕಿದರೆ ಮತ್ತೆ ಅದೇ ಪುಟ.

ಸೆಶನ್ ಫೈಲುಗಳು, ಅಂದರೆ ಯಾರು ಲಾಗಿನ್ ಆಗಿದ್ದಾರೆಂದು ನೆನಪಿಡುವವು. ಹಳೆಯವು ಹಳೇ ಬಳಕೆದಾರನ ಹೆಸರಿನಲ್ಲಿವೆ, ಅವನ್ನು ಅಳಿಸಿ. ರೆಡ್ ಹ್ಯಾಟ್ ಬಳಗದಲ್ಲಿ ಸೆಶನ್ ಫೋಲ್ಡರೇ ಅಪಾಚೆ ಗುಂಪಿಗೆ ಸೇರಿದ್ದು, 770. ಅಲ್ಲಿ ಎಂಜಿನ್‌ಎಕ್ಸ್ ಬಳಸಿದರೂ ಪೂಲಿನ ಮೂಲ ಬಳಕೆದಾರ "ಅಪಾಚೆ"ಯೇ ಆಗಿರುತ್ತಾನೆ. ಹೆಸರು ನೋಡಿ ತಪ್ಪೆಂದುಕೊಂಡು ತಿದ್ದಿದವರು ಹೀಗೆ ಸಿಕ್ಕಿಕೊಳ್ಳುತ್ತಾರೆ. ಹೊಸ ಪೂಲಿಗೆ ಬೇರೆಯದೇ ಸೆಶನ್ ಫೋಲ್ಡರ್ ತೋರಿಸಿ.

ಡಾಕರ್ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ) ಒಳಗೆ ಸರಿ, ಹೊರಗಿನ ಫೋಲ್ಡರ್ ಜೋಡಿಸಿದರೆ ಬರೆಯಲು ಬರುತ್ತಿಲ್ಲ.

ಕರ್ನಲ್‌ಗೆ ಹೆಸರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹೊರಗೆ ನೀವು ಸಾಮಾನ್ಯವಾಗಿ 1000. ಡೆಬಿಯನ್ ಆಧಾರಿತ ಇಮೇಜಿನೊಳಗೆ (ಆ ಡಬ್ಬಿಯ ಅಚ್ಚು) ವೆಬ್ ಬಳಕೆದಾರ 33, ಆಲ್ಪೈನ್ ಎಂಬ ಚಿಕ್ಕ ಲಿನಕ್ಸಿನ ಇಮೇಜಿನಲ್ಲಿ 82. ಡೆಬಿಯನ್‌ನಿಂದ ಆಲ್ಪೈನ್‌ಗೆ ಬದಲಿಸಿದ ಮರುದಿನ ಅಪ್‌ಲೋಡ್ ನಿಂತರೆ ಇದೇ ಕಾರಣ. ಹೊರಗಿನ ಫೋಲ್ಡರಿಗೆ ಸಂಖ್ಯೆಯಿಂದಲೇ ಸಿಎಚ್‌ಓನ್ ಮಾಡಿ.

ಗಿಟ್ ಪುಲ್ (ಹೊಸ ಕೋಡು ಇಳಿಸಿಕೊಳ್ಳುವುದು) ಮಾಡಿದರೆ "ಡ್ಯುಬಿಯಸ್ ಓನರ್‌ಶಿಪ್" ಅನ್ನುತ್ತಿದೆ.

2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.35.2ರಿಂದ, ಬೇರೆಯವರ ಹೆಸರಿನಲ್ಲಿರುವ ರೆಪೊವನ್ನು (ಕೋಡಿನ ಫೋಲ್ಡರನ್ನು) ಗಿಟ್ ನಂಬುವುದಿಲ್ಲ. "ಸೇಫ್ ಡೈರೆಕ್ಟರಿ" ಸೇರಿಸಿ ಬಾಯಿ ಮುಚ್ಚಿಸಬಹುದು. ಸುಡೊ ಹಾಕಿ ಪುಲ್ ಮಾಡಬೇಡಿ, ಅರ್ಧ ಫೈಲು ರೂಟ್ ಹೆಸರಿಗೆ ಹೋಗುತ್ತದೆ. ಕೋಡಿನ ಮಾಲೀಕ ಯಾರೋ ಅವನಾಗಿಯೇ ಪುಲ್ ಮಾಡಿ.

ತಪ್ಪಿ ಇಡೀ ಸರ್ವರಿಗೇ ಸಿಎಚ್‌ಮಾಡ್ -ಆರ್ ಮಾಡಿಬಿಟ್ಟೆ.

ನಾನೂ ಒಮ್ಮೆ ಮಾಡಿದ್ದೇನೆ, ಫೋಲ್ಡರಿನ ದಾರಿ ಬರೆಯುವಾಗ ಒಂದು ಚುಕ್ಕಿ ಬಿಟ್ಟುಹೋಗಿ. ಸುಡೊ ತನ್ನ ಸೆಟ್‌ಯುಐಡಿ (ಫೈಲಿನ ಮಾಲೀಕನ ಅಧಿಕಾರದಲ್ಲಿ ಓಡಿಸುವ ಗುರುತು) ಕಳೆದುಕೊಂಡು ನಿಂತಿತು, ಎಸ್‌ಎಸ್‌ಎಚ್ ಕೀಲಿ ತುಂಬಾ ತೆರೆದಿದೆ ಎಂದು ಒಳಗೆ ಬಿಡಲಿಲ್ಲ. ತೆರೆದಿರುವ ಟರ್ಮಿನಲ್ ಮುಚ್ಚಬೇಡಿ. ರೆಡ್ ಹ್ಯಾಟ್ ಬಳಗದಲ್ಲಿ "ಆರ್‌ಪಿಎಂ"ಗೆ ಮೊದಲು "ಸೆಟ್‌ಯುಜಿಐಡಿಎಸ್", ಆಮೇಲೆ "ಸೆಟ್‌ಪರ್ಮ್ಸ್". ಕ್ರಮ ತಿರುವಬೇಡಿ, ಮಾಲೀಕನನ್ನು ಬದಲಿಸಿದಾಗ ಸೆಟ್‌ಯುಐಡಿ ಅಳಿಸಿಹೋಗುತ್ತದೆ. ಡೆಬಿಯನ್‌ನಲ್ಲಿ ಒಂದೇ ಏಟಿಗೆ ಸರಿಮಾಡುವ ಇಂಥ ಆಜ್ಞೆ ಇಲ್ಲ; ಡೇಟಾ ಹೊರತೆಗೆದು ಹೊಸದಾಗಿ ಹಾಕುವುದೇ ಬೇಗ.

ಬರೀ ಸೈಟಿನ ಫೋಲ್ಡರ್ ಕೆಟ್ಟಿದ್ದರೆ "ಫೈಂಡ್" ಬಳಸಿ ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಬೇರೆ ಬೇರೆಯಾಗಿ ಕೊಡಿ. ಸಿಎಚ್‌ಮಾಡ್‌ಗೆ ಅಂಕಿಯ ಬದಲು ದೊಡ್ಡ ಎಕ್ಸ್ ಬಳಸುವ ಚುಟುಕು ವಿಧಾನ ಇಲ್ಲಿ ಕೈಕೊಡುತ್ತದೆ. 777 ಆದ ಫೈಲಿಗೆ ಈಗಾಗಲೇ ಓಡಿಸುವ ಹಕ್ಕಿರುವುದರಿಂದ ಅದನ್ನು ಹಾಗೇ ಉಳಿಸುತ್ತದೆ. ಸಿಜಿಐ ಸ್ಕ್ರಿಪ್ಟುಗಳಿಗೆ ಮತ್ತೆ 755, ಪಾಸ್‌ವರ್ಡ್ ಫೈಲಿಗೆ 600 ಕೊಡಲು ಮರೆಯಬೇಡಿ.

ಈಗೀಗ ನಾನು ಏನನ್ನಾದರೂ ಮುಟ್ಟುವ ಮೊದಲು "ಗೆಟ್‌ಎಫ್‌ಎಸಿಎಲ್ -ಆರ್" (ಇಲ್ಲೂ ದೊಡ್ಡ ಆರ್) ಓಡಿಸಿ ಫಲಿತಾಂಶವನ್ನು ಒಂದು ಫೈಲಿಗೆ ಬರೆದಿಡುತ್ತೇನೆ. ಕೆಟ್ಟರೆ ಅದೇ ಫೋಲ್ಡರಿನಲ್ಲಿ ನಿಂತು, ರೂಟ್ ಆಗಿ, "ಸೆಟ್‌ಎಫ್‌ಎಸಿಎಲ್ ರಿಸ್ಟೋರ್" ಕೊಟ್ಟರೆ ಮಾಲೀಕ, ಗುಂಪು, ಅನುಮತಿ ಮೂರೂ ಮರಳುತ್ತವೆ.

ನಿಮ್ಮನ್ನು ಕೇಳುವಾಗ ಏನೇನು ಕಳಿಸಲಿ?

ಎರರ್ ಲಾಗಿನ ಕೊನೆಯ ಹತ್ತು ಸಾಲು, ಆ ಫೈಲಿನ ನೇಮ್‌ಐ ಫಲಿತಾಂಶ, ಪಿಎಸ್‌ನಲ್ಲಿ ಕಂಡ ಬಳಕೆದಾರನ ಹೆಸರು, ಇದುವರೆಗೆ ನೀವು ಕೊಟ್ಟ ಸಿಎಚ್‌ಮಾಡ್ ಸಿಎಚ್‌ಓನ್‌ಗಳ ಪಟ್ಟಿ. ನಾಚಿಕೊಂಡು ಯಾವುದನ್ನೂ ಬಿಡಬೇಡಿ, 777ನ್ನೂ. ಕಾನ್ಫಿಗ್ ಫೈಲು ಕಳಿಸುವುದಾದರೆ ಪಾಸ್‌ವರ್ಡಿನ ಸಾಲು ಅಳಿಸಿ ಕಳಿಸಿ. ಪರದೆಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಬೇಡಿ, ಅಕ್ಷರವಾಗಿ ಕಾಪಿ ಮಾಡಿ.